ಹೊಸ್ತಿಲ ಮೇಲೆ ಕೂತವಳನ್ನು ಬೈಯಿರಿ

ಬನಹಟ್ಟಿ, ನೇಕಾರರ ಓಣಿ
ಬಿಡುವು ಮಾಸ, ನಲವತ್ತನೆಯ ದಿನ, ಇಸವಿ ೨೨೧೭

ಪೂಜ್ಯ ಗುರುಬಸವ್ವ ಆಯಿಯವರಿಗೆ,

ಮೇಲಿನ ತಾರೀಖು ನೋಡಿ ಇದು ಯಾರೋ ತಲೆಕೆಟ್ಟವರ ಕೆಲಸವೆಂದು ಪತ್ರವನ್ನು ಒಲೆಗೆ ಹಾಕಬೇಡಿ. ನಿಮ್ಮ ಕಾಲದಲ್ಲಿ ವರ್ಷಕ್ಕೆ ಹನ್ನೆರಡೇ ತಿಂಗಳು, ಯಾವ ತಿಂಗಳಿಗೂ ನಲವತ್ತನೆಯ ದಿನ ಇರಲಿಲ್ಲ ಎಂಬುದು ನನಗೆ ಗೊತ್ತು. ನಮ್ಮವರು ಬೇಸಿಗೆಯ ನಡುವೆ ಉದ್ದನೆಯ ತಿಂಗಳೊಂದನ್ನು ಸೇರಿಸಿ ಉಳಿದವನ್ನು ಅಷ್ಟಷ್ಟು ಕತ್ತರಿಸಿದ್ದಾರೆ. ಬಿಸಿಲು ಹಾಗಿದೆ. ಆ ತಿಂಗಳು ಯಾರೂ ಬಿಸಿಲಿನಲ್ಲಿ ದುಡಿಯುವಂತಿಲ್ಲ, ಅದಕ್ಕೇ ಅದು ಬಿಡುವು ಮಾಸ. ನನ್ನ ಮಾತುಗಳೂ ನಿಮಗೆ ಅಲ್ಲಲ್ಲಿ ವಿಚಿತ್ರವೆನಿಸಬಹುದು. ನಿಮ್ಮ ಕಾಲದ ಪತ್ರಿಕೆಗಳನ್ನು ಓದಿ ಕೈ ತಿದ್ದಿಕೊಂಡೇ ಬರೆಯಲು ಕೂತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇನ್ನೊಂದು ತೊಡಕಿದೆ. ನನ್ನ ಅಜ್ಜಿಯ ಅಜ್ಜಿಗೆ ನೀವು ಮುತ್ತಜ್ಜಿ. ಆದರೆ ಈ ಪತ್ರ ಕೈ ಸೇರುವ ಹೊತ್ತಿಗೆ ನಿಮಗೆ ಐವತ್ತರ ಆಸುಪಾಸು, ನನಗೆ ಅರವತ್ತೆಂಟು. ಯಾರು ಯಾರ ಕಾಲಿಗೆ ಬೀಳಬೇಕೆಂಬುದು ನನಗೆ ಬಗೆಹರಿಯಲಿಲ್ಲ. ನನ್ನ ಮೊಣಕಾಲು ಕೈಕೊಟ್ಟಿರುವುದರಿಂದ ನೀವೇ ದೊಡ್ಡ ಮನಸ್ಸು ಮಾಡಿ ಬೇಡವೆಂದಿರಿ ಎಂದುಕೊಂಡು ಮುಂದುವರಿಯುತ್ತೇನೆ. ನನ್ನ ಹೆಸರು ಚಂಪವ್ವ. ನಮ್ಮ ಮನೆತನದಲ್ಲಿ ತಲೆಮಾರಿಗೆ ಒಬ್ಬಳಿಗಾದರೂ ನಿಮ್ಮ ಹೆಸರು ಇಡುತ್ತಾರೆ. ನನ್ನ ಪುಣ್ಯ, ಆ ಭಾರ ನನ್ನ ತಂಗಿಯ ಪಾಲಿಗೆ ಹೋಯಿತು.

ನಾಳೆ ನಾನು ಕೆಲಸದಿಂದ ನಿವೃತ್ತಳಾಗುತ್ತೇನೆ. ನಮ್ಮ ಕೆಲಸದವರು ನಿವೃತ್ತರಾಗುವ ಹಿಂದಿನ ದಿನ ಒಂದು ಹಿಂದೋಲೆ ಬರೆಯುವ ರೂಢಿಯಿದೆ. ಹಿಂದೋಲೆಯೆಂದರೆ ಹಿಂದಿನ ಕಾಲದವರಿಗೆ ಬರೆಯುವ ಓಲೆ. ಬರೆದದ್ದನ್ನು ಕೃಷ್ಣೆಯ ದಂಡೆಯಲ್ಲಿರುವ ಓಲೆಮನೆಗೆ ಕೊಟ್ಟರೆ ಅವರು ಅದನ್ನು ಹಿಂದಕ್ಕೆ ಕಳಿಸುತ್ತಾರಂತೆ. ಹೇಗೆಂದು ಕೇಳಬೇಡಿ. ಅವರು ನನ್ನನ್ನು ಕೂಡಿಸಿಕೊಂಡು ವಿವರಿಸಿದರು, ನಾನು ತಲೆಯಾಡಿಸಿ ಎದ್ದು ಬಂದೆ. ಮುಟ್ಟುತ್ತದೋ ಇಲ್ಲವೋ ಯಾರಿಗೂ ಖಾತ್ರಿಯಿಲ್ಲ, ಇದುವರೆಗೆ ಯಾರಿಗೂ ಉತ್ತರ ಬಂದಿಲ್ಲ. ಹೆಚ್ಚಿನವರು ತೀರಿಹೋದ ತಾಯಿಗೋ ತಂದೆಗೋ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ, ಏಕೆಂದರೆ ನಿಮ್ಮಿಂದ ಒಂದು ಕೆಲಸ ಆಗಬೇಕಾಗಿದೆ. ಅದನ್ನು ಕೊನೆಯಲ್ಲಿ ಕೇಳುತ್ತೇನೆ. ಮೊದಲು ಊರಿನ ಸುದ್ದಿ.

ನಿಮ್ಮ ಓಣಿಯಲ್ಲಿ ಈಗಲೂ ಮಗ್ಗಗಳಿವೆ, ಆದರೆ ಅವು ಬಿಸಿಲುಮಗ್ಗ. ಹಗಲು ಮಾತ್ರ ನಡೆಯುತ್ತವೆ, ಬೆಕ್ಕು ನಡೆದಷ್ಟು ಸದ್ದು. ನಿಮ್ಮ ಕಾಲದ ವಿದ್ಯುತ್ ಮಗ್ಗದ ಸದ್ದನ್ನು ಇಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಮಕ್ಕಳಿಗೆ ಕೇಳಿಸುತ್ತಾರೆ. ನಾನೂ ಒಮ್ಮೆ ಹೋಗಿದ್ದೆ, ಕಿವಿ ಮುಚ್ಚಿಕೊಂಡು ಹೊರಗೆ ಬಂದೆ. ಆ ಸದ್ದಿನ ನಡುವೆ ನೀವು ರೊಟ್ಟಿ ಬಡಿದಿರಿ, ಬಾಣಂತನ ಮಾಡಿದಿರಿ, ಜಗಳವಾಡಿದಿರಿ. ಪಡಸಾಲೆಯಲ್ಲಿ ಕೂಸು ಅತ್ತರೆ ಪಕ್ಕದ ಕೋಣೆಗೂ ಕೇಳಿಸುತ್ತಿರಲಿಲ್ಲ ಎಂಬುದು ನನಗೆ ಅರ್ಥವಾದದ್ದು ಅವತ್ತೇ. ಈಗ ಪ್ರತಿ ಮನೆಯ ಅಡಿಯಲ್ಲಿ ನೆಲ ಅಗೆದು ಮಾಡಿದ ತಂಪುಮನೆಯಿದೆ, ಬಿಡುವು ಮಾಸದಲ್ಲಿ ಎಲ್ಲರೂ ಅಲ್ಲಿಗಿಳಿಯುತ್ತೇವೆ. ಮಧ್ಯಾಹ್ನವಿಡೀ ಅಲ್ಲಿ ಹರಟೆ, ನಿದ್ದೆ, ಪಗಡೆ. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ನೀವು ಬಿಟ್ಟುಹೋದ ಹಾಗೆಯೇ ಇವೆ, ಆ ವಿಷಯಕ್ಕೆ ಯಾರೂ ಕೈ ಹಾಕುವ ಧೈರ್ಯ ಮಾಡಿಲ್ಲ.

ಪ್ರತಿ ಮನೆಯ ಮುಂದೆ ನೆರಳಿನಲ್ಲಿ ಒಂದು ಕಲ್ಲಿನ ಕಟ್ಟೆಯಿದೆ. ನಿಮ್ಮ ಕಾಲದಲ್ಲೂ ಕಟ್ಟೆಗಳಿದ್ದವು, ಆದರೆ ಇದಕ್ಕೆ ಸಿಟ್ಟಿನ ಕಟ್ಟೆ ಎಂದು ಹೆಸರು. ಮನೆಯಲ್ಲಿ ಕೂಸಿನ ಮೇಲೆ ಸಿಟ್ಟು ನೆತ್ತಿಗೇರಿದರೆ ತಾಯಿಯೋ ತಂದೆಯೋ ಅಜ್ಜಿಯೋ ಕೂಸನ್ನು ಸುರಕ್ಷಿತವಾಗಿ ಕೆಳಗಿಟ್ಟು, ಹೊರಗೆ ಬಂದು ಆ ಕಟ್ಟೆಯ ಮೇಲೆ ಕೂರಬೇಕು. ದಾರಿಯಲ್ಲಿ ಹೋಗುವವರು ಯಾರೇ ಆಗಲಿ, ಕಟ್ಟೆಯ ಮೇಲೆ ಕೂತವರನ್ನು ಕಂಡರೆ ಏನಾಯಿತೆಂದು ಕೇಳದೆ ಒಳಗೆ ಹೋಗಿ ಕೂಸನ್ನು ಎತ್ತಿಕೊಳ್ಳಬೇಕು. ಸಿಟ್ಟು ಇಳಿದ ಮೇಲೆ ಕೂತವರು ಎದ್ದು ಒಳಗೆ ಬರುತ್ತಾರೆ, ಎತ್ತಿಕೊಂಡವರು ಹೋಗುತ್ತಾರೆ. ಅದರ ಬಗ್ಗೆ ಮುಂದೆ ಮಾತಿಲ್ಲ. ಮಾತಿಲ್ಲವೆಂದು ಹೇಳಿದೆನೇ ಹೊರತು, ಓಣಿಯವರ ಬಾಯಿ ನಿಮಗೆ ಗೊತ್ತಿಲ್ಲದ್ದೇನಲ್ಲ. ನನ್ನ ಪಕ್ಕದ ಮನೆಯ ಯಜಮಾನರು ಅಳಿಯ ಬಂದಾಗಲೆಲ್ಲ ಸಿಟ್ಟಿನ ಕಟ್ಟೆಯ ಮೇಲೆ ಕೂತಿರುತ್ತಾರೆ, ಆ ಮನೆಯಲ್ಲಿ ಕೂಸೇ ಇಲ್ಲ.

ಇದನ್ನೆಲ್ಲ ಓದಿ ನಾವು ಸಿಟ್ಟೇ ಬಾರದ ಜನ ಎಂದು ತಿಳಿಯಬೇಡಿ. ಮಕ್ಕಳು ಈಗಲೂ ತಟ್ಟೆ ಎಸೆಯುತ್ತವೆ, ನಿದ್ದೆ ಮಾಡುವುದಿಲ್ಲ, ತಲೆ ತಿನ್ನುತ್ತವೆ. ಹೆತ್ತವರಿಗೆ ಈಗಲೂ ಸಾಕುಸಾಕಾಗುತ್ತದೆ. ಆದರೆ ಹೊಡೆಯುವುದು ಕಡಿಮೆಯಾಗಿ ಎಷ್ಟೋ ಕಾಲವಾಯಿತು. ಹೋದ ವರ್ಷ ಶಾಲೆಯ ಮಕ್ಕಳು ಒಂದು ಹಳೆಯ ಪುಸ್ತಕ ಹಿಡಿದುಕೊಂಡು ಬಂದು ಕಪಾಳಮೋಕ್ಷ ಎಂದರೇನೆಂದು ನನ್ನನ್ನು ಕೇಳಿದರು. ಅದು ಯಾವುದೋ ತೀರ್ಥಕ್ಷೇತ್ರ ಇರಬೇಕೆಂದು ತಮ್ಮತಮ್ಮಲ್ಲೇ ತೀರ್ಮಾನಿಸಿಕೊಂಡಿದ್ದರು. ನಾನು ನಕ್ಕೆ. ಅವರು ಹೋದ ಮೇಲೆ ನನಗೆ ಅಳು ಬಂತು, ಸಂತೋಷದ ಅಳು.

ಈಗ ನನ್ನ ಕೆಲಸದ ಮಾತು. ನಾನು ಹೊಸ್ತಿಲಕ್ಕ. ಯಾವ ಮನೆಯಲ್ಲಿ ಕೂಸು ಹುಟ್ಟಿದರೂ, ಕೂಸಿರುವ ಸಂಸಾರ ಹೊಸದಾಗಿ ಊರಿಗೆ ಬಂದರೂ, ಆ ಮನೆಗೆ ಒಬ್ಬ ಹೊಸ್ತಿಲಕ್ಕನೋ ಹೊಸ್ತಿಲಣ್ಣನೋ ವಾರಕ್ಕೊಮ್ಮೆ ಹೋಗಬೇಕು, ಕೂಸಿಗೆ ಮೂರು ತುಂಬುವವರೆಗೆ. ಕೂಸು ಯಾಕೆ ಅಳುತ್ತದೆ, ಯಾವ ವಯಸ್ಸಿಗೆ ಅದರಿಂದ ಏನು ಆಗುತ್ತದೆ, ಏನು ಆಗುವುದಿಲ್ಲ, ಕೈ ಎತ್ತುವ ಮುಂಚೆ ನಮ್ಮ ಮೈಯಲ್ಲಿ ಏನೇನು ಏಳುತ್ತದೆ, ಆಗ ಏನು ಮಾಡಬೇಕು, ಇವನ್ನು ನಾವು ಮನೆಯ ಕೆಲಸದ ನಡುವೆಯೇ ಹೇಳುತ್ತೇವೆ. ಅವರೊಂದಿಗೆ ಕಾಳು ಸೋಸುತ್ತೇವೆ, ಬಟ್ಟೆ ಮಡಚುತ್ತೇವೆ, ಕೂಸಿಗೆ ಎಣ್ಣೆ ತಿಕ್ಕುತ್ತೇವೆ. ಗಂಡಸರಿಗೆ ಕೂಸನ್ನು ಎತ್ತಿಕೊಳ್ಳುವುದರಿಂದ ಶುರು. ಎಲ್ಲಕ್ಕಿಂತ ಕಷ್ಟ ಅಜ್ಜಿಯರ ಪಾಠ, ಅದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೊಸ್ತಿಲಕ್ಕ ಎಂಬ ಹೆಸರು ಬಂದದ್ದು ನಿಮ್ಮ ಮನೆಯಿಂದ. ನಮ್ಮ ಮನೆತನದಲ್ಲಿ ಆ ಕಥೆಯನ್ನು ಹೀಗೆ ಹೇಳುತ್ತಾರೆ. ಇದರಲ್ಲಿ ಕೆಲವು ನಿಮಗೆ ಇನ್ನೂ ನಡೆಯಬೇಕಾದವು, ನಮಗೆ ನಡೆದುಹೋದವು. ನಿಮ್ಮ ಮಗ ಶ್ರೀಶೈಲ, ಸೊಸೆ ದಾನಮ್ಮ ಇಬ್ಬರೂ ಮಗ್ಗದ ಮೇಲೆ. ನಿಮ್ಮ ಮೊಮ್ಮಗಳು ಅಕ್ಷತಾ, ನೀವೆಲ್ಲ ಅಕ್ಕು ಎಂದು ಕರೆಯುವವಳು, ನಡೆಯಲು ಕಲಿತಾಗಿನಿಂದ ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯ ಕಡೆಗೇ ನುಗ್ಗುತ್ತಾಳೆ. ಒಮ್ಮೆ ಬೆರಳು ಹೋಗುವುದು ಕೂದಲೆಳೆಯಲ್ಲಿ ತಪ್ಪಿತು. ಅಂದಿನಿಂದ ದಾನಮ್ಮ ಹಳೆಯ ಸೀರೆಯ ಪಟ್ಟಿಯಿಂದ ಅವಳನ್ನು ಪಡಸಾಲೆಯ ಕಂಬಕ್ಕೆ ಕಟ್ಟಿ ಕೆಲಸಕ್ಕೆ ಕೂರುತ್ತಾಳೆ. ಕೂಸು ಕಿರುಚುತ್ತದೆ, ಮಗ್ಗದ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ. ಊಟದ ಹೊತ್ತಿಗೆ ಬಂದು ನೋಡಿದರೆ ಅಲ್ಲೇ ಉಚ್ಚೆ, ಅಲ್ಲೇ ಅನ್ನ. ಹಸಿದು ದಣಿದು ಬಂದ ದಾನಮ್ಮನ ಕೈ ಏಳುತ್ತದೆ, ಅಕ್ಕುವಿನ ಬೆನ್ನ ಮೇಲೆ ಇಳಿಯುತ್ತದೆ. ನೀವು ತಡೆಯುವುದಿಲ್ಲ. "ನಾವೂ ಏಟು ತಿಂದಽ ಬೆಳೆದೀವಿ, ನಮಗೇನಾಗೇತಿ" ಎನ್ನುತ್ತೀರಿ. ಆಯಿ, ನಿಮ್ಮನ್ನು ನೋಯಿಸಲು ಇದನ್ನು ಬರೆಯುತ್ತಿಲ್ಲ. ಈ ಮಾತನ್ನು ಹೇಳಿದ್ದೆನೆಂದು ನೀವೇ ಮುಂದೆ ಮೊಮ್ಮಕ್ಕಳಿಗೆ ಹೇಳುತ್ತೀರಿ, ಅದಕ್ಕೇ ನಮಗೆ ಗೊತ್ತಾದದ್ದು.

ಆ ದಿನಗಳಲ್ಲೇ ರೇಷ್ಮಾ ನದಾಫ ಎಂಬ ಹುಡುಗಿ ಓಣಿಯ ಮನೆಮನೆಗೆ ಬರುತ್ತಿದ್ದಳು. ಯಾವುದೋ ಚಿಕ್ಕ ಸಂಘದ ಕೆಲಸ, ಚಿಕ್ಕ ಮಕ್ಕಳನ್ನು ಬೆಳೆಸುವ ಬಗ್ಗೆ ಹೆತ್ತವರೊಂದಿಗೆ ಮಾತಾಡುವುದು. ಮೊದಲ ಸಲ ಬಂದಾಗ ನೀವು ಬಾಗಿಲಲ್ಲೇ ನಿಲ್ಲಿಸಿ "ನಮ್ಮ ಕೂಸಿನ ಉಸಾಬರಿ ನಿನಗ್ಯಾಕ" ಎಂದು ಕಳಿಸಿದಿರಿ. ಅವಳು ಮತ್ತೆ ಬಂದಳು. ಮಧ್ಯಾಹ್ನದ ಹೊತ್ತು. ಈ ಸಲ ಏನೂ ಹೇಳದೆ ನಿಮ್ಮ ಹೊಸ್ತಿಲ ಮೇಲೆ ಕೂತುಬಿಟ್ಟಳು. ಹೊಸ್ತಿಲ ಮೇಲೆ ಯಾರಾದರೂ ಕೂತರೆ ನಿಮಗೆ ತಡೆಯುತ್ತದೆಯೇ? ಒಳಗಿನಿಂದಲೇ ಬೈದಿರಿ: "ಒಳಗರ ಬಾ, ಇಲ್ಲಾ ಹೊರಗರ ನಿಂದ್ರು. ಹೊಸ್ತಿಲದ ಮ್ಯಾಲ ಕುಂದ್ರಬ್ಯಾಡ." ಅವಳು ಒಳಗೆ ಬಂದಳು. ನೀವು ನೀರು ಕೊಟ್ಟಿರಿ. ಕೊಟ್ಟ ಲೋಟ ಬೇರೆಯಿತ್ತೋ ಏನೋ, ಅದನ್ನು ನಮ್ಮವರು ಹೇಳುವುದಿಲ್ಲ, ನೀವೇ ಬಲ್ಲಿರಿ. ಅವಳು ಅವತ್ತು ಯಾವ ಪಾಠವನ್ನೂ ಹೇಳಲಿಲ್ಲ. ಅಕ್ಕುವನ್ನು ತೊಡೆಯ ಮೇಲೆ ಕೂಡಿಸಿಕೊಂಡಳು, ದಾನಮ್ಮ ಎಷ್ಟೋ ದಿನಗಳ ಮೇಲೆ ನೆಮ್ಮದಿಯಾಗಿ ಕೂತು ಒಂದು ರೊಟ್ಟಿ ತಿಂದಳು.

ಮುಂದಿನ ವಾರಗಳಲ್ಲಿ ಒಂದೊಂದಾಗಿ ಆಯಿತು. ಮಗ್ಗದ ಕೋಣೆಯ ಬಾಗಿಲಿಗೆ ಶ್ರೀಶೈಲ ಅರ್ಧ ಎತ್ತರದ ಅಡ್ಡಹಲಗೆ ಹೊಡೆದ, ಕಂಬದ ಪಟ್ಟಿ ಬಿಚ್ಚಿಕೊಂಡಿತು. ಹಲಗೆಯ ಈಚೆ ಅಕ್ಕುವಿಗೆ ನೂಲು ಸುತ್ತುವ ಖಾಲಿ ಕಂಡಿಕೆಗಳ ಬುಟ್ಟಿ. ಅವಳು ಅವನ್ನು ಬಣ್ಣ ನೋಡಿ ಜೋಡಿಸುತ್ತ ಅಮ್ಮನ ಮುಖ ಕಾಣುವಲ್ಲಿ ಕೂರುತ್ತಿದ್ದಳು. ಸಿಟ್ಟು ಬಂದರೆ ಕೂಸನ್ನು ಬಿಟ್ಟು ಹೊರಗಿನ ಕಟ್ಟೆಗೆ ಹೋಗಿ ಕೂರು ಎಂದು ರೇಷ್ಮಾ ದಾನಮ್ಮನಿಗೆ ಹೇಳಿಕೊಟ್ಟಳು. ದಾನಮ್ಮ ಮೊದಲ ಸಲ ಕಟ್ಟೆಗೆ ಹೋಗಿ ಕೂತಾಗ ಒಳಗೆ ಹೋಗಿ ಅಕ್ಕುವನ್ನು ಎತ್ತಿಕೊಂಡವರು ನೀವು. ನಮ್ಮ ಊರಿನ ಸಿಟ್ಟಿನ ಕಟ್ಟೆಗಳೆಲ್ಲ ಆ ಒಂದು ಕಟ್ಟೆಯ ಮಕ್ಕಳು.

ಅದರಿಂದಲೇ ನಮ್ಮ ಶಾಸ್ತ್ರವೂ ಹುಟ್ಟಿತು. ಹೊಸ್ತಿಲಕ್ಕ ಮೊದಲ ಸಲ ಒಂದು ಮನೆಗೆ ಹೋದಾಗ ಏನೂ ಹೇಳದೆ ಹೊಸ್ತಿಲ ಮೇಲೆ ಕೂರಬೇಕು. ಮನೆಯವರು ಬೈದು ಒಳಗೆ ಕರೆಯಬೇಕು. ಕೆಲವು ಮನೆಗಳಲ್ಲಿ ಹಿರಿಯರು ವಾರದ ಮುಂಚಿನಿಂದ ಬೈಗುಳ ಅಭ್ಯಾಸ ಮಾಡಿಕೊಂಡಿರುತ್ತಾರೆ. ಬೈಯದ ಹೊರತು ನಾವು ಒಳಗೆ ಕಾಲಿಡುವಂತಿಲ್ಲ. ಮಕ್ಕಳ ಕೆಲಸದ ಹೆಸರು ಹೇಳಿ ಯಾರದೋ ಮನೆಗೆ ನುಗ್ಗುವವರು ನಾವಾಗಬಾರದು ಎಂಬುದು ಅದರ ಅರ್ಥ. ನನ್ನ ಇಡೀ ಕೆಲಸದ ಅವಧಿಯಲ್ಲಿ ಬೈಯದ ಮನೆ ಸಿಕ್ಕಿರಲಿಲ್ಲ, ಹೋದ ಸುಗ್ಗಿಯವರೆಗೆ.

ಸುಗ್ಗಿಯ ಹೊತ್ತಿಗೆ ನಮ್ಮ ಓಣಿಗೆ ಒಂದು ತೇಲುಮನೆಯ ಸಂಸಾರ ಬಂತು. ಕರಾವಳಿಯ ನೆಲವನ್ನು ಸಮುದ್ರ ನುಂಗಿದ ಮೇಲೆ ಅಲ್ಲಿಯ ಎಷ್ಟೋ ಮಂದಿ ಮೂರು ನಾಲ್ಕು ತಲೆಮಾರಿನಿಂದ ನೀರಿನ ಮೇಲೆ ತೇಲುವ ಮನೆಗಳಲ್ಲೇ ಹುಟ್ಟಿ ಬೆಳೆದಿದ್ದಾರೆ. ಅಂಥವರಲ್ಲಿ ಒಬ್ಬಳು ದೇವಕಿ ಹರಿಕಂತ್ರ. ಗಂಡ ಗಜಾನನ ಹಿನ್ನೀರಿನ ದೋಣಿ ಕೆಲಸಕ್ಕೆಂದು ಹೋದರೆ ವಾರಗಟ್ಟಲೆ ಬರುವುದಿಲ್ಲ. ಮಗ ಶಂಕು, ಎರಡು ತುಂಬಿದವನು. ನಾನು ನಿಯಮದಂತೆ ಹೋಗಿ ಅವಳ ಹೊಸ್ತಿಲ ಮೇಲೆ ಕೂತೆ. ಯಾರೂ ಬೈಯಲಿಲ್ಲ. ಒಳಗಿನ ಮಾತೆಲ್ಲ ಪಿಸುಮಾತಾಯಿತು, ಕೂಸಿನ ಸದ್ದೂ ಅಡಗಿತು. ಸ್ವಲ್ಪ ಹೊತ್ತಿಗೆ ದೇವಕಿ ಬಂದು ನನ್ನ ಪಕ್ಕದಲ್ಲಿ ಒಂದು ಬಟ್ಟಲು ಎಳನೀರು ಇಟ್ಟು, ತಲೆ ತಗ್ಗಿಸಿ, ಒಳಗೆ ಹೋಗಿಬಿಟ್ಟಳು. ಮುಂದಿನ ವಾರವೂ ಹೀಗೆಯೇ, ಅದರ ಮುಂದಿನ ವಾರವೂ ಹೀಗೆಯೇ. ಎಳನೀರು ಕುಡಿದು ಹೋಗೆಂದು ಮರ್ಯಾದೆಯಿಂದ ಅಟ್ಟುತ್ತಿದ್ದಾಳೆ ಎಂದುಕೊಂಡು ನಾನು ಮುಖ ಊದಿಸಿಕೊಂಡು ಬರುತ್ತಿದ್ದೆ.

ಅಷ್ಟರಲ್ಲಿ ಅಕ್ಕಪಕ್ಕದವರು ಮಕ್ಕಳ ಪಂಚರಿಗೆ ದೂರು ಕೊಟ್ಟರು. ಪಂಚರೆಂದರೆ ಊರಿನ ಮಕ್ಕಳ ಯೋಗಕ್ಷೇಮ ನೋಡುವವರು, ಅವರು ಮನಸ್ಸು ಮಾಡಿದರೆ ಕೂಸನ್ನು ಹೆತ್ತವರಿಂದ ಬಿಡಿಸಿ ಪಾಲನಾಮನೆಗೆ ಒಯ್ಯಬಹುದು. ದೂರು ಸುಳ್ಳಾಗಿರಲಿಲ್ಲ. ದೇವಕಿ ಮಗನ ಸೊಂಟಕ್ಕೆ ಹಗ್ಗ ಬಿಗಿದು ದಿನವಿಡೀ ಕಂಬಕ್ಕೆ ಕಟ್ಟಿರುತ್ತಾಳೆ, ಸೊಂಟದ ಸುತ್ತ ಹಗ್ಗದ ಗೆರೆ ಎದ್ದಿದೆ, ಕೂಸು ಹಗ್ಗ ಜಗ್ಗಿ ಅತ್ತರೆ ಬಡಿಯುತ್ತಾಳೆ, ನಾನು ಬಂದು ಕೂತಾಗ ಮಾತ್ರ ಮನೆ ಸುಮ್ಮನಿರುತ್ತದೆ. ಬಿಡುವು ಮಾಸ ಮುಗಿಯುವುದರೊಳಗೆ ಆ ಮನೆ ಸರಿಹೋಗದಿದ್ದರೆ ಶಂಕುವನ್ನು ಒಯ್ಯುತ್ತೇವೆಂದು ಪಂಚರು ನನಗೆ ಹೇಳಿಕಳಿಸಿದರು. ಪಾಲನಾಮನೆ ಕೆಟ್ಟದ್ದೇನಲ್ಲ. ಆದರೆ ಎರಡು ವರ್ಷದ ಕೂಸನ್ನು ತಾಯಿಯ ಕೈಯಿಂದ ಬಿಡಿಸುವಾಗ ಏಳುವ ಆ ಕೂಗನ್ನು ನಾನು ಒಂದು ಸಲ ಕೇಳಿದ್ದೇನೆ, ಇನ್ನೊಮ್ಮೆ ಕೇಳುವ ಶಕ್ತಿ ನನಗಿಲ್ಲ.

ನಾನು ಮತ್ತೆ ಹೋಗಿ ಹೊಸ್ತಿಲ ಮೇಲೆ ಕೂತೆ. ಅವಳು ಎಂದಿನಂತೆ ಎಳನೀರು ತಂದಿಟ್ಟಳು. ಈ ಸಲ ನಿಯಮ ಗಿಯಮ ಬಿಟ್ಟು, ಎದ್ದು ನಿಂತು ನಾಲ್ಕು ಮಾತು ಹೇಳಿಯೇ ಬಿಡೋಣವೆಂದುಕೊಂಡೆ. ಮೊಣಕಾಲು ಹಿಡಿದುಕೊಂಡಿತು. ಏಳಲು ನೋಡಿದೆ, ಆಗಲಿಲ್ಲ. ಮತ್ತೆ ನೋಡಿದೆ, ಕಣ್ಣಲ್ಲಿ ನೀರು ಬಂತು. ಅದನ್ನು ಕಂಡ ದೇವಕಿ ತಡೆಯಲಾರದೆ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, ದನಿ ತಗ್ಗಿಸಿ ಕೇಳಿದಳು: "ಅಮ್ಮಾ, ನಿಮ್ಮನೇಲಿ ಯಾರು ತೀರ್ಕಂಡ್ರು?"

ತೇಲುಮನೆಗಳಿಗೆ ಹೊಸ್ತಿಲಿಲ್ಲ ಆಯಿ. ಅವರಲ್ಲಿ ಯಾರಾದರೂ ಬಂದು ಬಾಗಿಲಲ್ಲಿ ಮಾತಿಲ್ಲದೆ ಕೂತರೆ ಅವರ ಮನೆಯಲ್ಲಿ ಸಾವಾಗಿದೆ ಎಂದರ್ಥ. ಅಂಥವರನ್ನು ಮಾತಾಡಿಸಬಾರದು, ಎಳನೀರು ಇಟ್ಟು, ಮನೆಯ ಸದ್ದಡಗಿಸಿ, ದುಃಖಕ್ಕೆ ಜಾಗ ಕೊಡಬೇಕು. ಅಷ್ಟು ವಾರಗಳಿಂದ ಆ ಹುಡುಗಿ ನನ್ನ ದುಃಖಕ್ಕೆ ಜಾಗ ಕೊಡುತ್ತಿದ್ದಳು. ವಾರಕ್ಕೊಂದು ಸಾವಾಗುವ ಇಂಥ ನತದೃಷ್ಟ ಮುದುಕಿಯನ್ನು ನೋಡಿಲ್ಲವೆಂದು ಗಂಡನ ಹತ್ತಿರ ಹೇಳಿಕೊಂಡು ಮರುಗಿದ್ದಳಂತೆ. ನಾನು ಹೇಳಿದೆ: "ಯಾರೂ ಸತ್ತಿಲ್ಲವ್ವಾ. ನನಗ ಏಳಾಕ ಬರವಲ್ದು. ಕೈ ಕೊಡು." ಅವಳು ಎರಡೂ ಕೈ ಹಿಡಿದು ಎಬ್ಬಿಸಿ, ನಡೆಸಿಕೊಂಡು ಒಳಗೆ ಕರೆದೊಯ್ದಳು.

ಒಳಗೆ ಶಂಕು ಕಂಬದ ಬುಡದಲ್ಲಿ ಕೂತಿದ್ದ. ಹಗ್ಗ ಯಾಕೆಂದು ನಾನು ಕೇಳಲಿಲ್ಲ. ಎಂಥ ಚೆಂದದ ಗಂಟು, ಇದನ್ನು ಹೇಗೆ ಹಾಕುತ್ತೀರಿ ಎಂದು ಕೇಳಿದೆ. ದೇವಕಿಯ ಮುಖ ಅರಳಿತು. ನನ್ನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಲೇ ಎಲ್ಲ ಹೇಳಿದಳು. ಅವರಲ್ಲಿ ಕೂಸು ತೆವಳತೊಡಗಿದ ದಿನವೇ ಸೊಂಟಕ್ಕೆ ಹಗ್ಗ ಕಟ್ಟುತ್ತಾರೆ, ಇಲ್ಲದಿದ್ದರೆ ನೀರಿನ ಪಾಲು. ದೇವಕಿಯ ಅಣ್ಣನೊಬ್ಬ ಹಾಗೆಯೇ ಹೋದವನು. ಕೂಸು ನೀರಿನಲ್ಲಿ ಕೈಕಾಲು ಬಡಿಯಲು ಕಲಿತರೆ ಹಗ್ಗವನ್ನು ಒಂದಿಷ್ಟು ಉದ್ದ ಮಾಡುತ್ತಾರೆ, ಮನೆಯ ಸುತ್ತ ಈಜಿದರೆ ಇನ್ನಷ್ಟು. ಒಬ್ಬನೇ ಪಕ್ಕದ ಮನೆಗೆ ಈಜಿಹೋಗಿ ಬಂದ ದಿನ ಹಗ್ಗ ಬಿಚ್ಚಿ ಊರಿಗೆಲ್ಲ ಪಾಯಸ ಹಂಚುತ್ತಾರೆ. ಇಲ್ಲಿ ಬಂದ ಮೇಲೆ ಅವಳಿಗೆ ಏನು ಮಾಡಬೇಕೆಂದೇ ತೋಚಿಲ್ಲ. "ಅಂವ ಇನ್ನೂ ಈಜು ಕಲೀಲಿಲ್ಲ ಅಮ್ಮ, ಹಗ್ಗ ಹೆಂಗೆ ಬಿಚ್ಚೂದು? ಇಲ್ಲಿ ನೀರೇ ಇಲ್ಲ, ಎಲ್ಲಿ ಕಲಿಸೂದು?" ಎಂದಳು. ಕೂಸು ಹಗ್ಗ ಜಗ್ಗಿದಾಗಲೆಲ್ಲ ಅವಳ ಕಣ್ಣ ಮುಂದೆ ಅಣ್ಣ ಬರುತ್ತಿದ್ದ, ಹೆದರಿಕೆಗೇ ಕೈ ಏಳುತ್ತಿತ್ತು. ಹೊಡೆದ ಮೇಲೆ ತಾನೂ ಅಳುತ್ತಿದ್ದಳು. ಅದನ್ನು ಇಲ್ಲಿ ಯಾರ ಹತ್ತಿರ ಹೇಳಬೇಕು ಅವಳು? ಸಿಟ್ಟಿನ ಕಟ್ಟೆ ಎಂದರೇನೆಂದು ಸಹ ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ಹೊರಗೆ ಎಳನೀರು ಕುಡಿಯುತ್ತ ಕೂತಿದ್ದೆ.

ನಾವಿಬ್ಬರೂ ಸೇರಿ ನೆಲದ ಈಜು ಎಂದು ಒಂದನ್ನು ಕಟ್ಟಿದೆವು. ಒಲೆಯ ಹತ್ತಿರ ಹೋಗಿ, ಬಿಸಿ ಎಂದಾಗ ಹಿಂದೆ ಸರಿಯಲು ಬಂದರೆ ಹಗ್ಗ ಇಷ್ಟು ಉದ್ದ. ತಂಪುಮನೆಯ ಮೆಟ್ಟಿಲನ್ನು ಹಿಂಬದಿಯಿಂದ ಇಳಿಯಲು ಬಂದರೆ ಇನ್ನಷ್ಟು. ಹೆಸರು ಹಿಡಿದು ಕರೆದಾಗ ತಿರುಗಿ ಬಂದರೆ ಮತ್ತಷ್ಟು. ಹಗ್ಗದ ಕೆಳಗೆ ಮೆತ್ತನೆಯ ಬಟ್ಟೆ ಸುತ್ತಿದೆವು, ಸೊಂಟದ ಗೆರೆ ಮಾಸತೊಡಗಿತು. ಶಂಕು ತಪ್ಪಿದಾಗ ಹೊಡೆಯುವ ಬದಲು ಮತ್ತೆ ತೋರಿಸಿಕೊಡುವುದು, ಎಟುಕುವಲ್ಲಿರುವ ಚೂಪಾದದ್ದನ್ನು ಮೇಲಿಡುವುದು, ಏನು ಮಾಡಲಿದ್ದೇವೆಂದು ಕೂಸಿಗೆ ಮೊದಲೇ ಹೇಳುವುದು, ಇವೆಲ್ಲ ಈಜು ಕಲಿಸುವವರಿಗೆ ಹೊಸದಲ್ಲ. ನೀರಿನಲ್ಲಿ ಕೂಸನ್ನು ಹೊಡೆದು ಈಜು ಕಲಿಸುತ್ತೀರಾ ಎಂದು ಕೇಳಿದೆ. ದೇವಕಿ ಗಾಬರಿಯಾದಳು, ಹಾಗೆ ಮಾಡಿದರೆ ಮುಳುಗಿಹೋಗುತ್ತದಲ್ಲ ಎಂದಳು. ಆಮೇಲ್ಯಾಕೋ ಶಂಕುವನ್ನು ಹತ್ತಿರಕ್ಕೆ ಎಳೆದು ತೊಡೆಯ ಮೇಲೆ ಕೂಡಿಸಿಕೊಂಡಳು.

ಸುಲಭವಾಗಿ ಆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ದಿನ ಶಂಕು ಉಪ್ಪಿನ ಭರಣಿ ಒಡೆದಾಗ ಅವಳ ಕೈ ಮತ್ತೆ ಎದ್ದಿತು. ಎದ್ದ ಕೈಯನ್ನು ಅವಳು ಹಾಗೆಯೇ ಹಿಡಿದುಕೊಂಡು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಳು. ಆ ಹೊತ್ತಿಗೆ ದಾರಿಯಲ್ಲಿ ಹೋಗುತ್ತಿದ್ದವರು ದೂರು ಕೊಟ್ಟವರಲ್ಲೇ ಒಬ್ಬರು. ಅವರು ಏನೂ ಕೇಳದೆ ಒಳಗೆ ಬಂದು ಶಂಕುವನ್ನು ಎತ್ತಿಕೊಂಡರು. ನಾನು ಉಪ್ಪು ಬಳಿಯುತ್ತಿದ್ದೆ, ಮುಖ ಮೇಲೆತ್ತಲಿಲ್ಲ. ಎತ್ತಿದ್ದರೆ ಅತ್ತುಬಿಡುತ್ತಿದ್ದೆ.

ಹೊಸ್ತಿಲಿನ ಶಾಸ್ತ್ರವನ್ನೂ ದೇವಕಿಗೆ ಹೇಳಿಕೊಟ್ಟೆ. ಅವಳಿಗೆ ಅದು ಎಷ್ಟು ಹಿಡಿಸಿತೆಂದರೆ, ನಾನು ಬಂದಾಗಲೆಲ್ಲ ಬಾಗಿಲಿಗೆ ಓಡಿಬಂದು, ನಮ್ಮ ಮಾತಿಗೆ ತನ್ನ ಮಾತು ಬೆರೆಸಿ ಬೈಯತೊಡಗಿದಳು. ಮೊನ್ನೆ ಪಂಚರು ಬಂದರು. ಮೂವರು, ಜೊತೆಗೆ ಪಾಲನಾಮನೆಯ ಒಬ್ಬ ಹೆಂಗಸು. ದೇವಕಿ ಹೆದರಿ ಅಡುಗೆಮನೆಯ ಗೋಡೆಗೆ ಒರಗಿ ನಿಂತಿದ್ದಳು, ಬೈಯುವುದನ್ನೇ ಮರೆತಳು. ಪಂಚರಲ್ಲಿ ಹಿರಿಯರು ಬಾಗಿಲಿಗೆ ಬಂದು, ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲ ಮೇಲೆ ಕಾಲಿಟ್ಟು ನಿಂತರು. ಆಗ ಶಂಕು ಉದ್ದನೆಯ ಹಗ್ಗ ಎಳೆದುಕೊಂಡು ಹೋಗಿ ಅವರ ಮುಂದೆ ನಿಂತು, ತಾಯಿಯ ಹಾಗೆಯೇ ಸೊಂಟದ ಮೇಲೆ ಕೈಯಿಟ್ಟು ಬೈದ: "ಅಲ್ಲಿ ಬ್ಯಾಡ. ಒಳಗೆ ಬಾ."

ಹೊಡೆತಕ್ಕೆ ಹೆದರುವ ಕೂಸು ಹಾಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಅಪರಿಚಿತರನ್ನು ಬೈಯುವುದಿಲ್ಲ. ಅದು ಪಂಚರಿಗೂ ಗೊತ್ತು. ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು, ಎಳನೀರು ಕುಡಿದರು, ಹಗ್ಗದ ಕಥೆಯನ್ನು ದೇವಕಿಯ ಬಾಯಿಂದಲೇ ಕೇಳಿದರು. ಹೋಗುವಾಗ ಹಿರಿಯರು ಶಂಕುವಿಗೆ ಕೈ ಮುಗಿದರು. ಇವತ್ತು ಬೆಳಿಗ್ಗೆ ಅವನು ಕಂಬದಿಂದ ಬಿಚ್ಚಿದ ಹಗ್ಗ ಎಳೆದುಕೊಂಡು ಒಬ್ಬನೇ ಓಣಿ ದಾಟಿ ನನ್ನ ಮನೆಗೆ ಬಂದು ತಿರುಗಿ ಹೋದ. ದೇವಕಿ ಸೊಂಟದಿಂದಲೂ ಹಗ್ಗ ಬಿಚ್ಚಿ ಮಡಚಿ ಗೂಡಿನಲ್ಲಿಟ್ಟಳು. ಸಂಜೆಗೆ ಓಣಿಗೆಲ್ಲ ಪಾಯಸ. ಬೆಲ್ಲ ಸ್ವಲ್ಪ ಹೆಚ್ಚಾಗಿತ್ತು, ಹೇಳಲಿಲ್ಲ.

ಈಗ ನನ್ನ ಕೋರಿಕೆ. ಈ ಪತ್ರ ಮುಟ್ಟಿದ ವಾರದೊಳಗೆ ರೇಷ್ಮಾ ನದಾಫ ನಿಮ್ಮ ಮನೆಗೆ ಎರಡನೆಯ ಸಲ ಬರುತ್ತಾಳೆ. ಅವಳು ನಿಮ್ಮ ಹೊಸ್ತಿಲ ಮೇಲೆ ಕೂತದ್ದು ಜಾಣತನದಿಂದ ಎಂದು ನಮ್ಮ ಮನೆತನದಲ್ಲಿ ಹೇಳುತ್ತ ಬಂದಿದ್ದಾರೆ, ನಾನೂ ಹಾಗೆಯೇ ಹೊಸಬರಿಗೆ ಕಲಿಸಿದ್ದೇನೆ. ದೇವಕಿ ನನ್ನ ಕೈ ಹಿಡಿದು ಎಬ್ಬಿಸಿದ ಮೇಲೆ ನನಗೆ ಬೇರೆ ಅನ್ನಿಸುತ್ತಿದೆ. ಆ ಹುಡುಗಿಗೆ ಅವತ್ತು ನಿಜವಾಗಿಯೂ ಕಾಲು ಸೋತಿರಬೇಕು. ಓಣಿಯ ಎಷ್ಟು ಬಾಗಿಲುಗಳಲ್ಲಿ ಬೈಸಿಕೊಂಡು ಬಂದಿದ್ದಳೋ, ಬಿಸಿಲಿನಲ್ಲಿ ಎಷ್ಟು ನಡೆದಿದ್ದಳೋ. ಕೂರಲು ಬೇರೆ ಜಾಗ ಕಾಣದೆ ಕೂತಿರುತ್ತಾಳೆ. ನೀವು ಬೈಯದೆ ಸುಮ್ಮನಿದ್ದರೆ ಸ್ವಲ್ಪ ಹೊತ್ತು ದಣಿವಾರಿಸಿಕೊಂಡು ಎದ್ದು ಹೋಗುತ್ತಾಳೆ, ಮತ್ತೆ ಬರುವುದಿಲ್ಲ.

ಓಲೆಮನೆಯ ಜಾಣರು ನನ್ನನ್ನು ನೋಡಿ ನಗುತ್ತಾರೆ. ನೀನು ಇಲ್ಲಿ ಕೂತು ಬರೆಯುತ್ತಿದ್ದೀ ಎಂದರೆ ನಿನ್ನ ಆಯಿ ಬೈದಾಗಿದೆ, ಅಕ್ಕು ಬೆಳೆದಾಗಿದೆ, ಈ ಪತ್ರಕ್ಕೆ ಅರ್ಥವಿಲ್ಲ ಎನ್ನುತ್ತಾರೆ. ಇರಬಹುದು. ಆದರೆ ಬೈಯದ ಮನೆಯೇ ಇಲ್ಲವೆಂದು ನಾನೂ ಹೋದ ಸುಗ್ಗಿಯವರೆಗೆ ನಂಬಿದ್ದೆ. ಆದ್ದರಿಂದ ಕೇಳುತ್ತಿದ್ದೇನೆ. ಇವತ್ತೇ ಅಕ್ಕುವನ್ನು ಬಿಚ್ಚಿ ಎಂದು ನಾನು ಹೇಳುವುದಿಲ್ಲ, ಲಾಳಿಯ ಹೆದರಿಕೆ ನನಗೆ ಅರ್ಥವಾಗುತ್ತದೆ. ದಾನಮ್ಮನಿಗೆ ಬುದ್ಧಿ ಹೇಳಿ ಎಂದೂ ಹೇಳುವುದಿಲ್ಲ, ಹಾಗೆಂದರೆ ನೀವು ಹೇಳುವ ಬುದ್ಧಿ ಎಂಥದ್ದೆಂದು ನನಗೆ ಗೊತ್ತಿದೆ. ನೀವು ಏಟು ತಿಂದು ಬೆಳೆದಿರಿ, ಏನೂ ಆಗಲಿಲ್ಲವೆನ್ನುತ್ತೀರಿ. ನಿಮ್ಮನ್ನು ಎತ್ತಿಕೊಳ್ಳಲು ಒಳಗೆ ಬಂದವರು ಯಾರೂ ಇರಲಿಲ್ಲ ಎಂದು ನನಗೆ ಸಂಕಟವಾಗುತ್ತದೆ ಆಯಿ. ನಾನು ಇದ್ದಿದ್ದರೆ ಬರುತ್ತಿದ್ದೆ.

ನಿಮಗೆ ಸಹಜವಾಗಿ ಬರುವ ಒಂದೇ ಕೆಲಸ ಮಾಡಿ. ಹೊಸ್ತಿಲ ಮೇಲೆ ಕೂತವಳನ್ನು ಬೈಯಿರಿ. ಪಕ್ಕದ ಕೋಣೆಯಲ್ಲಿ ಮಗ್ಗ ನಡೆಯುತ್ತಿರುತ್ತದೆ, ದನಿ ಸಣ್ಣದು ಮಾಡಬೇಡಿ. ಇಲ್ಲಿಯವರೆಗೆ ಕೇಳಿಸಬೇಕು.

ನಿಮ್ಮ ಅಕ್ಕುವಿನ ವಂಶದವಳು,
ಚಂಪವ್ವ